ನೆಟ್‌ವರ್ಕ್ ಹೋಗಿ ಬಂದ ಮೇಲೆ ಡೆಸ್ಕ್ ಫೋನ್ ಆಪ್ ಸುಳ್ಳು ತೋರಿಸುತ್ತಿದೆ, ಏನು ಮಾಡೋದು?

ಗಂಗಾವತಿ ಕೋಡರ್
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ರೈಸ್ ಮಿಲ್ಲಿನ ಆಫೀಸಿಗೆ ಸಣ್ಣ ಆಪ್ ಮಾಡಿ ಕೊಟ್ಟಿದ್ದೇನೆ. ಹನ್ನೆರಡು ಐಪಿ ಡೆಸ್ಕ್ ಫೋನ್, ಒಂದು ಆಸ್ಟರಿಸ್ಕ್ (ಕರೆಗಳನ್ನು ಜೋಡಿಸುವ ಸಾಫ್ಟ್‌ವೇರ್) ಸರ್ವರ್. ಕರೆ ಬಂದ ತಕ್ಷಣ ಗುಮಾಸ್ತರ ಕಂಪ್ಯೂಟರಲ್ಲಿ ಪಾರ್ಟಿ ಹೆಸರು, ಹಳೇ ಬಾಕಿ, ಕೊನೆಯ ಲೋಡು ಕಾಣಬೇಕು. ಸಿ ಶಾರ್ಪ್‌ನಲ್ಲಿ ಬರೆದಿದ್ದೇನೆ, ಎಎಂಐ (ಆಸ್ಟರಿಸ್ಕ್ ಜೊತೆ ಬೇರೆ ಪ್ರೋಗ್ರಾಂ ಮಾತಾಡುವ ದಾರಿ) ಮೂಲಕ 5038 ಪೋರ್ಟಿಗೆ ಸೇರಿ ಈವೆಂಟ್ (ಕರೆ ಬಂತು, ಮುಗಿಯಿತು ಅನ್ನೋ ಸುದ್ದಿ) ಕೇಳುತ್ತದೆ. ಮಾಮೂಲಿ ದಿನ ಏನೂ ತೊಂದರೆ ಇಲ್ಲ.

ಕರೆಂಟ್ ಹೋಗಿ ಬಂದಾಗ ಫಜೀತಿ. ಸರ್ವರ್ ಯುಪಿಎಸ್ ಮೇಲಿದೆ. ಗೋಡೌನ್ ಪಕ್ಕದ ಸ್ವಿಚ್ಚಿಗೆ ಯುಪಿಎಸ್ ಇಲ್ಲ, ಅದು ಬಿದ್ದರೆ ಅರ್ಧ ಫೋನ್ ಸತ್ತ ಹಾಗೆ. ಆದರೆ ಆಪ್‌ನಲ್ಲಿ ಕರೆ ಇನ್ನೂ 'ಮಾತು ನಡೆಯುತ್ತಿದೆ' ಅಂತಲೇ ನಿಂತಿರುತ್ತದೆ. ಮೊನ್ನೆ ಅರ್ಧ ಗಂಟೆಗೂ ಜಾಸ್ತಿ ಕರೆಂಟ್ ಇರಲಿಲ್ಲ. ಆಮೇಲೆ ನೋಡಿದರೆ ಒಬ್ಬ ದಲಾಲರ ಜೊತೆ 1 ಗಂಟೆ 40 ನಿಮಿಷ ಮಾತಾಡಿದ ಲೆಕ್ಕ! ಮಾಲೀಕರು ಗುಮಾಸ್ತನನ್ನು ಕರೆದು "ಅಷ್ಟೊತ್ತು ಏನಪ್ಪಾ ಮಾತು ನಿಂದು?" ಅಂದರು. ಪಾಪ, ಅವನು ಆ ಹೊತ್ತಲ್ಲಿ ಊಟಕ್ಕೆ ಹೋಗಿದ್ದ.

ಇನ್ನೊಂದು, ಕೆಲವು ಕಂಪ್ಯೂಟರಲ್ಲಿ ಲಿಂಕ್ ವಾಪಸ್ ಬಂದ ಮೇಲೂ ಆಪ್ ಮೂಕ. ಎರರ್ ಇಲ್ಲ, ಈವೆಂಟ್ ಇಲ್ಲ. ಮುಚ್ಚಿ ತೆರೆದರೆ ಮಾತ್ರ ಸರಿ. ನೆಟ್‌ವರ್ಕ್ ಹೋಯಿತು ಅಂತ ಆಪ್ ಹೇಗೆ ತಿಳಿಯಬೇಕು? ಆಗ ನಡೆಯುತ್ತಿದ್ದ ಕರೆಗಳನ್ನೆಲ್ಲ 'ಮುಗಿದಿದೆ' ಅಂತ ಬರೆದುಬಿಡಲಾ?

ಕೊಪ್ಪಳ ಕ್ರಿಂಪರ್
ಆ ಸ್ವಿಚ್ಚಿಗೂ ಒಂದು ಯುಪಿಎಸ್ ಇಡ್ರಿ. ಮುಗೀತು ಕಥೆ.

ಮಿರ್ಚಿ ಮಂಡಕ್ಕಿ
ಅದೇ ಹೇಳೋಣ ಅಂತಿದ್ದೆ. ಕೋಡ್ ತಿದ್ದೋಕೆ ವಾರ ಬೇಕು, ಯುಪಿಎಸ್ ತರೋಕೆ ಒಂದು ಬೈಕ್ ಸಾಕು.

ತೋರಣಗಲ್ಲು ನೈಟ್ ಶಿಫ್ಟ್
ಯುಪಿಎಸ್ ಬೇಕು, ಇಲ್ಲ ಅನ್ನಲ್ಲ. ಆದರೆ ನೆಟ್‌ವರ್ಕ್ ಬೀಳೋದು ಕರೆಂಟ್‌ನಿಂದ ಮಾತ್ರಾನಾ? ಮಿಲ್ಲಿನಲ್ಲಿ ತೌಡಿನ ಧೂಳು ಸ್ವಿಚ್ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಇಲಿ ಕೇಬಲ್ ಕಡಿಯುತ್ತದೆ. ಯಾರೋ ಗುಡಿಸುವಾಗ ವೈರ್ ಎಳೆಯುತ್ತಾರೆ. ಆಪ್ ಬರೆಯುವವನು ಲಿಂಕ್ ಬೀಳುತ್ತದೆ ಅಂತ ಅಂದುಕೊಂಡೇ ಬರೆಯಬೇಕು.

ಕಿನ್ನಾಳ ಗೊಂಬೆ
ಕೋಡರ್ ಅವರೇ, 'ಎಲ್ಲ ಮುಗಿದಿದೆ ಅಂತ ಬರೆದುಬಿಡಲಾ' ಅಂದಿರಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ನೆಟ್‌ವರ್ಕ್ ಹೋಯಿತು ಅನ್ನುತ್ತೀರಿ, ಯಾವ ನೆಟ್‌ವರ್ಕ್? ನಿಮ್ಮ ಆಪ್‌ಗೂ ಸರ್ವರ್‌ಗೂ ನಡುವೆ ಒಂದು ದಾರಿ. ಫೋನಿಗೂ ಸರ್ವರ್‌ಗೂ ನಡುವೆ ಬೇರೆ ದಾರಿ. ಸರ್ವರ್‌ನಿಂದ ಹೊರಗಿನ ಟ್ರಂಕ್‌ಗೆ (ಟೆಲಿಫೋನ್ ಕಂಪನಿಯ ಲೈನಿಗೆ) ಇನ್ನೊಂದು. ಆಪ್‌ನ ದಾರಿ ಕಡಿದರೆ ಕರೆ ಕಡಿಯುವುದಿಲ್ಲ. ಗುಮಾಸ್ತ ಫೋನ್ ಹಿಡಿದು ಆರಾಮಾಗಿ ಮಾತಾಡುತ್ತಿರುತ್ತಾನೆ, ನಿಮ್ಮ ಪರದೆ ಮಾತ್ರ ಕುರುಡು. ಫೋನಿನ ದಾರಿ ಕಡಿದರೆ ಉಲ್ಟಾ: ಆಪ್‌ಗೆ ಎಲ್ಲ ಈವೆಂಟ್ ಬರುತ್ತಿರುತ್ತವೆ, ಫೋನ್ ಮಾತ್ರ ಸತ್ತಿರುತ್ತದೆ. ಟ್ರಂಕ್ ಹೋದರೆ ಒಳಗಿನ ಕರೆ ಎಲ್ಲ ಸರಿ, ಹೊರಗಿನದು ಮಾತ್ರ ಇಲ್ಲ.

ಮೂರಕ್ಕೂ ಒಂದೇ ಕೆಂಪು ಬಣ್ಣ ತೋರಿಸಿದರೆ ನೋಡುವವರಿಗೆ ಏನೂ ಗೊತ್ತಾಗಲ್ಲ. ಮೊದಲು ಒಂದು ಪ್ರಶ್ನೆ: ಆ 1 ಗಂಟೆ 40 ನಿಮಿಷದ ಕರೆ ತೋರಿಸುತ್ತಿದ್ದಾಗ ಸರ್ವರ್‌ನಲ್ಲಿ 'ಕೋರ್ ಶೋ ಚಾನೆಲ್ಸ್' (ಈಗ ನಡೆಯುತ್ತಿರುವ ಕರೆಗಳನ್ನು ತೋರಿಸುವ ಕಮಾಂಡ್) ಕೊಟ್ಟು ನೋಡಿದ್ದಿರಾ? ಅಲ್ಲಿ ಆ ಕರೆ ಇತ್ತಾ?

ಗಂಗಾವತಿ ಕೋಡರ್
ನೋಡಿದ್ದೆ ಅಕ್ಕಾ. ಅಲ್ಲಿ ಖಾಲಿ. ಆಪ್‌ನಲ್ಲಿ ಮಾತ್ರ ಇತ್ತು. ಆದರೆ ಇನ್ನೊಂದು ಸಲ, ಬೇರೆ ಫೋನು, ಸರ್ವರ್‌ನಲ್ಲೂ ಕರೆ ಇದ್ದಂತೆ ತೋರಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಾನೇ ಹೋಯಿತು.

ಕಿನ್ನಾಳ ಗೊಂಬೆ
ಹಾಗಾದರೆ ಇದು ಎರಡು ಬೇರೆ ರೋಗ.

ಮೊದಲನೆಯದು: ದಲಾಲರು ತಮ್ಮ ಮೊಬೈಲ್ ಕಟ್ ಮಾಡಿದರು, ಸರ್ವರ್ ಹ್ಯಾಂಗ್‌ಅಪ್ ಈವೆಂಟ್ ಕಳಿಸಿತು. ನಿಮ್ಮ ಕಂಪ್ಯೂಟರ್ ಆಗ ಲೈನಿನಲ್ಲಿ ಇರಲಿಲ್ಲ. ಸರ್ವರ್ ಲಿನಕ್ಸ್ ಅಲ್ವಾ, ಅದರ ಟಿಸಿಪಿ (ಡೇಟಾ ತಲುಪಿಸುವ ಪದ್ಧತಿ) ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ನೋಡಿ ಕೈಬಿಡುತ್ತದೆ. ಕರೆಂಟ್ ಹೋಗಿದ್ದು ಅರ್ಧ ಗಂಟೆ. ಆ ಈವೆಂಟ್ ಇನ್ನು ಯಾವತ್ತೂ ಬರಲ್ಲ. ನಿಮ್ಮ ಆಪ್ ಏನನ್ನೂ ಕಳಿಸದೆ ಸುಮ್ನೆ ಓದುತ್ತಾ ಕೂತಿದೆ. ಹಾಗಾಗಿ ಆ ಕಡೆ ಯಾರೂ ಇಲ್ಲ ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ನೀವು ಹೇಳಿದ 'ಮೂಕ' ತೊಂದರೆಯೂ ಇದೇ.

ಎರಡನೆಯದು ಸರ್ವರ್ ಕಡೆಯ ಭೂತ. ಮಾತಿನ ನಡುವೆ ಫೋನಿನ ಪವರ್ ಹೋದರೆ ಅದು 'ಬೈ' (ಕರೆ ಮುಗಿಸುವ ಸಂದೇಶ) ಕಳಿಸಿ ಸಾಯುವುದಿಲ್ಲ. ಸರ್ವರ್ ಪಾಲಿಗೆ ಕರೆ ಜೀವಂತ.

ಬಿಸಿಲೂರು
ಡಾಟ್‌ನೆಟ್‌ನಲ್ಲಿ (ಸಿ ಶಾರ್ಪ್ ಓಡುವ ವೇದಿಕೆ) ಇದಕ್ಕೆ ಅಂತಲೇ ನೆಟ್‌ವರ್ಕ್ ಅವೈಲಬಿಲಿಟಿ ಚೇಂಜ್ಡ್ ಅನ್ನೋ ಈವೆಂಟ್ ಇದೆಯಲ್ಲ? ಅದಕ್ಕೆ ಹ್ಯಾಂಡ್ಲರ್ (ಈವೆಂಟ್ ಬಂದಾಗ ಓಡುವ ಕೋಡ್) ಹಾಕಿ. ಹೋದಾಗ ಫಾಲ್ಸ್, ಬಂದಾಗ ಟ್ರೂ. ಇಷ್ಟು ಉದ್ದ ಯಾಕೆ?

ಸಿಂಧನೂರು ಜಾವಾ
ಅದನ್ನು ನಂಬಿಕೊಂಡರೆ ಕೆಟ್ಟಿರಿ. ಲೂಪ್‌ಬ್ಯಾಕ್, ಟನಲ್ (ಎರಡೂ ಕೇಬಲ್ ಇಲ್ಲದ, ಸಾಫ್ಟ್‌ವೇರಿನ ಅಡಾಪ್ಟರ್) ಬಿಟ್ಟು ಯಾವುದಾದರೂ ಒಂದು ನೆಟ್‌ವರ್ಕ್ ಅಡಾಪ್ಟರ್ ಚಾಲೂ ಇದ್ದರೆ ಅದು ಟ್ರೂ ಅನ್ನುತ್ತದೆ. ಕಂಪ್ಯೂಟರಲ್ಲಿ ವರ್ಚುವಲ್ ಮಷೀನ್ ಅಡಾಪ್ಟರ್ ಇದ್ದರೆ ಕೇಬಲ್ ಕಿತ್ತರೂ 'ನೆಟ್‌ವರ್ಕ್ ಇದೆ'. ಮೇಲಾಗಿ ನಿಮ್ಮ ಕೇಬಲ್ ಸರಿ ಇದ್ದು ಮುಂದಿನ ಸ್ವಿಚ್ ಸತ್ತಿದ್ದರೆ ಅದಕ್ಕೆ ಸುಳಿವೇ ಇರಲ್ಲ. ಬೇಗ ಮತ್ತೆ ಪ್ರಯತ್ನಿಸು ಅನ್ನೋ ಸೂಚನೆಯಾಗಿ ಇಟ್ಟುಕೊಳ್ಳಿ, ಅಷ್ಟೇ. ಇನ್ನೊಂದು, ಆ ಈವೆಂಟ್ ಬೇರೆ ಥ್ರೆಡ್‌ನಲ್ಲಿ ಬರುತ್ತದೆ. ಅಲ್ಲಿಂದ ನೇರ ಪರದೆ ಮುಟ್ಟಿದರೆ ಆಪ್ ಬೀಳುತ್ತದೆ.

ಬಿಸಿಲೂರು
ವರ್ಚುವಲ್ ಅಡಾಪ್ಟರ್ ವಿಷಯ ಸರಿ. ಹಾಗಾದರೆ ಟಿಸಿಪಿ ಕೀಪ್‌ಅಲೈವ್ (ಆ ಕಡೆ ಇನ್ನೂ ಇದೆಯಾ ಅಂತ ತಾನೇ ಕೇಳೋದು) ಆನ್ ಮಾಡಿದರೆ ಆಗಲ್ವಾ?

ಸಿಂಧನೂರು ಜಾವಾ
ಆಗುತ್ತದೆ, ಎರಡು ಗಂಟೆ ಕಾಯುವ ತಾಳ್ಮೆ ಇದ್ದರೆ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಡೀಫಾಲ್ಟ್ 2 ಗಂಟೆ. ಕಡಿಮೆ ಮಾಡಬಹುದು. ಆದರೆ ಎಎಂಐಗೆ ತನ್ನದೇ ಪಿಂಗ್ ಇದೆ, ಕಳಿಸಿದರೆ ಪಾಂಗ್ ಬರುತ್ತದೆ. 15 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ. ಎರಡು ಸಲ ಉತ್ತರ ಇಲ್ಲ ಅಂದರೆ ಸಾಕೆಟ್ (ಸರ್ವರ್ ಜೊತೆಗಿನ ಸಂಪರ್ಕ) ಮುಚ್ಚಿ, ಹೊಸದಾಗಿ ಲಾಗಿನ್ ಆಗಿ. ಸಾಕೆಟ್ ಬದುಕಿದ್ದರೆ ಸಾಲದು, ಆ ಕಡೆ ಆಸ್ಟರಿಸ್ಕ್ ಉತ್ತರ ಕೊಡುತ್ತಿದೆಯಾ ಅನ್ನೋದೂ ಇದರಲ್ಲೇ ಗೊತ್ತಾಗುತ್ತದೆ.

ಹಳೇ ಪಿಬಿಎಕ್ಸ್
ತಮ್ಮ, ಬಳ್ಳಾರಿಯಲ್ಲಿ ಎಕ್ಸ್‌ಚೇಂಜ್ ಕೆಲಸ ಮಾಡುತ್ತಾ ತಲೆ ಬೆಳ್ಳಗಾದವನು ನಾನು. ಈ ಜಗಳ ಹೊಸದೇನಲ್ಲ. ಮೈಕ್ರೋಸಾಫ್ಟ್, ಇಂಟೆಲ್ ಸೇರಿ 1993ರಲ್ಲಿ ತಂದ ಟ್ಯಾಪಿಯಲ್ಲಿ (ವಿಂಡೋಸ್ ಆಪ್‌ಗಳು ಫೋನ್ ನಡೆಸುವ ವ್ಯವಸ್ಥೆ) ಲೈನಿನ ಸ್ಥಿತಿ ಬೇರೆ, ಕರೆಯ ಸ್ಥಿತಿ ಬೇರೆ. ಲೈನ್ ಔಟ್ ಆಫ್ ಸರ್ವೀಸ್ ಆದರೆ ಒಂದು ಸಂದೇಶ, ಇನ್ ಸರ್ವೀಸ್ ಆದರೆ ಇನ್ನೊಂದು. ಕರೆಯ ಸ್ಥಿತಿಗಳಲ್ಲಿ ಐಡಲ್, ಕನೆಕ್ಟೆಡ್, ಹೋಲ್ಡ್ ಎಲ್ಲದರ ಜೊತೆ 'ಅನ್‌ನೋನ್' ಅಂತಲೇ ಒಂದನ್ನು ಇಟ್ಟಿದ್ದಾರೆ. ಕರೆ ಇದೆ, ಅದರ ಸ್ಥಿತಿ ಈಗ ಗೊತ್ತಿಲ್ಲ ಅಂತ ಅರ್ಥ. ಈಗಿನ ಹುಡುಗರ ಆಪ್‌ಗಳಲ್ಲಿ ಹಸಿರು, ಕೆಂಪು ಎರಡೇ. ಬೂದು ಬಣ್ಣವೂ ಇರಲಿ. ಲಿಂಕ್ ಹೋದ ಕ್ಷಣ ಎಲ್ಲ ಕರೆಯನ್ನೂ ಬೂದು ಮಾಡು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ತೋರಿಸಿದರೆ ಗುಮಾಸ್ತ ಬೈಗುಳ ತಿನ್ನೋದು ತಪ್ಪುತ್ತದೆ.

ಸಿಂಧನೂರು ಜಾವಾ
ಜೆಟ್ಯಾಪಿಯಲ್ಲೂ (ಜಾವಾದಲ್ಲಿ ಅಂಥದ್ದೇ ವ್ಯವಸ್ಥೆ) ಹಾಗೇ ಸರ್, ಕನೆಕ್ಷನ್‌ಗೆ ಅನ್‌ನೋನ್ ಸ್ಥಿತಿ ಇದೆ. ಪ್ರೊವೈಡರ್‌ಗೆ (ಫೋನ್ ವ್ಯವಸ್ಥೆಗೆ ಆಪ್ ಸೇರುವ ಕೊಂಡಿ) ಮೂರು ಸ್ಥಿತಿ: ಇನ್ ಸರ್ವೀಸ್, ಔಟ್ ಆಫ್ ಸರ್ವೀಸ್, ಶಟ್‌ಡೌನ್. ಔಟ್ ಆಫ್ ಸರ್ವೀಸ್ ಆದರೆ ಕಾಯಬೇಕು, ಅದು ತಾನೇ ವಾಪಸ್ ಬರಬಹುದು. ಶಟ್‌ಡೌನ್ ಆದರೆ ಆ ಆಬ್ಜೆಕ್ಟ್ ಸತ್ತಂತೆ, ಹೊಸ ಪ್ರೊವೈಡರ್ ಕೇಳಿ ಪಡೆಯಬೇಕು. ಇವೆರಡನ್ನೂ ಒಂದೇ ಕ್ಯಾಚ್ ಬ್ಲಾಕಿಗೆ (ಎರರ್ ಹಿಡಿಯುವ ಜಾಗಕ್ಕೆ) ತುರುಕಿದ ಕೋಡ್ ಬೇಕಾದಷ್ಟು ನೋಡಿದ್ದೇನೆ.

ಮಿರ್ಚಿ ಮಂಡಕ್ಕಿ
ಟ್ಯಾಪಿ ಇನ್ನೂ ಯಾರಾದರೂ ಬಳಸುತ್ತಾರಾ?

ಹಳೇ ಪಿಬಿಎಕ್ಸ್
ಬಳಸುವವರು ಇಲ್ಲಿ ಬಂದು ಬರೆಯಲ್ಲ ಅಷ್ಟೇ. ಕೆಲಸ ನಡೆಯುತ್ತಿರುತ್ತದೆ.

ಗಂಗಾವತಿ ಕೋಡರ್
ಬೂದು ಬಣ್ಣದ ಮಾತು ಇಷ್ಟವಾಯಿತು. ಆದರೆ ಲಿಂಕ್ ಬಂದ ಮೇಲೆ? ಬೂದು ಕರೆ ಹಸಿರಾಗಬೇಕೋ, ಅಳಿಸಬೇಕೋ ಅಂತ ಹೇಗೆ ನಿರ್ಧರಿಸಲಿ? ಕಳೆದುಹೋದ ಈವೆಂಟ್‌ಗಳನ್ನು ಎಎಂಐ ಮತ್ತೆ ಕಳಿಸುತ್ತದಾ?

ಕಿನ್ನಾಳ ಗೊಂಬೆ
ಕಳಿಸಲ್ಲ. ಹೋದದ್ದು ಹೋಯಿತು. ಅದಕ್ಕೇ ವಾಪಸ್ ಬಂದ ತಕ್ಷಣ ಸರ್ವರನ್ನೇ ಕೇಳಬೇಕು, 'ಈಗ ಏನೇನು ನಡೆಯುತ್ತಿದೆ' ಅಂತ. ಲಾಗಿನ್ ಆಗಿ, ಫುಲ್ಲಿ ಬೂಟೆಡ್ (ಸರ್ವರ್ ಪೂರ್ತಿ ಸಿದ್ಧ) ಈವೆಂಟ್ ಬರೋವರೆಗೆ ತಡೆಯಿರಿ. ಆಮೇಲೆ ಕೋರ್‌ಶೋಚಾನೆಲ್ಸ್ ಆಕ್ಷನ್ (ಎಎಂಐಗೆ ಕೊಡುವ ಆದೇಶ) ಕಳಿಸಿ. ಒಂದೊಂದು ಚಾನೆಲಿಗೆ (ಕರೆಯ ಒಂದು ಬದಿಗೆ) ಒಂದೊಂದು ಈವೆಂಟ್ ಬಂದು, ಕೊನೆಗೆ 'ಕಂಪ್ಲೀಟ್' ಬರುತ್ತದೆ. ನಿಮ್ಮ ಹತ್ತಿರ ಇರುವ ಬೂದು ಕರೆಗಳ ಯೂನಿಕ್‌ಐಡಿ (ಗುರುತಿನ ಸಂಖ್ಯೆ) ಜೊತೆ ತಾಳೆ ನೋಡಿ. ಪಟ್ಟಿಯಲ್ಲಿ ಇದ್ದರೆ ಹಸಿರು. ಇಲ್ಲದಿದ್ದರೆ ಮುಗಿದಿದೆ. ನಿಮ್ಮಲ್ಲಿಲ್ಲದೆ ಪಟ್ಟಿಯಲ್ಲಿದ್ದರೆ ಲಿಂಕ್ ಇಲ್ಲದಾಗ ಶುರುವಾದ ಕರೆ, ಹೊಸದಾಗಿ ಸೇರಿಸಿ.

ಇಲ್ಲೊಂದು ಹುಳುಕು ಇದೆ. ಪಟ್ಟಿ ಬರುತ್ತಿರುವಾಗಲೇ ಹೊಸ ಈವೆಂಟ್‌ಗಳೂ ಅದೇ ಸಾಕೆಟ್‌ನಲ್ಲಿ ನಡುವೆ ನುಗ್ಗುತ್ತವೆ. ಆಕ್ಷನ್‌ಐಡಿ (ಯಾವ ಆಕ್ಷನ್‌ಗೆ ಬಂದ ಉತ್ತರ ಅನ್ನೋ ಗುರುತು) ನೋಡಿ ಬೇರೆ ಮಾಡಿ. ಪಟ್ಟಿ ಮುಗಿಯೋವರೆಗೆ ಹೊಸ ಈವೆಂಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಹಚ್ಚಿ. ಈಗಾಗಲೇ ಮುಗಿದ ಕರೆಗೆ ಮತ್ತೊಮ್ಮೆ ಹ್ಯಾಂಗ್‌ಅಪ್ ಬಂದರೂ ಆಪ್ ಗಲಿಬಿಲಿ ಆಗಬಾರದು. ಸುಮ್ನೆ ಬಿಟ್ಟು ಮುಂದೆ ಹೋಗಬೇಕು.

ಹಳೇ ಪಿಬಿಎಕ್ಸ್
ಸಿಎಸ್‌ಟಿಎಯಲ್ಲಿ (ಕಂಪ್ಯೂಟರ್, ಫೋನ್ ಜೋಡಿಸುವ ಮಾನದಂಡ) ಇದಕ್ಕೆ ಸ್ನ್ಯಾಪ್‌ಶಾಟ್ ಅಂತಲೇ ಸೇವೆ ಇದೆ, ಡಿವೈಸಿಗೆ ಒಂದು, ಕರೆಗೆ ಒಂದು. ಅಕ್ಕಾರು ಹೇಳಿದ್ದು ಅದೇ ದಾರಿ.

ಬಿಸಿಲೂರು
ಮುಗಿದಿದೆ ಅಂತ ಗೊತ್ತಾಯಿತು. ಯಾವಾಗ ಮುಗಿಯಿತು? ಮಾಲೀಕರು ಕೇಳೋದೇ ಅದನ್ನ.

ಕಿನ್ನಾಳ ಗೊಂಬೆ
ಆಪ್ ತನ್ನ ಗಡಿಯಾರ ಇಟ್ಟುಕೊಂಡು ಕರೆಯ ಅವಧಿ ಎಣಿಸೋದೇ ಬೇಡ. ಪರದೆಯಲ್ಲಿ ಓಡುವ ಗಡಿಯಾರ ನೋಡೋಕೆ ಮಾತ್ರ. ಲೆಕ್ಕದ ಪುಸ್ತಕಕ್ಕೆ ಹೋಗುವ ಅಂಕಿ ಸರ್ವರ್‌ನ ಸಿಡಿಆರ್‌ನಿಂದ (ಪ್ರತಿ ಕರೆಯ ದಾಖಲೆ) ಬರಬೇಕು. ಅದರಲ್ಲಿ ಬಿಲ್‌ಸೆಕ್ ಅಂತ ಕಾಲಂ ಇದೆ, ಕರೆ ಎತ್ತಿದ ಮೇಲಿನ ಸೆಕೆಂಡು. ದಲಾಲರ ಕರೆಯನ್ನು ಯೂನಿಕ್‌ಐಡಿ ಹಾಕಿ ಅಲ್ಲಿ ಹುಡುಕಿ ನೋಡಿ, ನಿಜ ಸಿಗುತ್ತದೆ.

ಗಂಗಾವತಿ ಕೋಡರ್
ಈಗಷ್ಟೇ ನೋಡಿದೆ. 212 ಸೆಕೆಂಡು! ಮೂರೂವರೆ ನಿಮಿಷ. ಪ್ರಿಂಟ್ ತೆಗೆದು ಗುಮಾಸ್ತನಿಗೆ ಕೊಡುತ್ತೇನೆ, ಮಾಲೀಕರಿಗೆ ಅವನೇ ತೋರಿಸಲಿ 😀

ಮಿರ್ಚಿ ಮಂಡಕ್ಕಿ
ಗುಮಾಸ್ತನಿಂದ ನಿಮಗೊಂದು ಪ್ಲೇಟ್ ಮಿರ್ಚಿ ಗ್ಯಾರಂಟಿ.

ತೋರಣಗಲ್ಲು ನೈಟ್ ಶಿಫ್ಟ್
ಎರಡನೇ ರೋಗಕ್ಕೆ ಯಾರೂ ಮದ್ದು ಹೇಳಲಿಲ್ಲ. ಸರ್ವರ್‌ನಲ್ಲೇ ಉಳಿಯುವ ಭೂತ ಕರೆ.

ಜಿ.711 (ಧ್ವನಿಯನ್ನು ಅಂಕಿಗಳಾಗಿಸುವ ಪದ್ಧತಿ) ಮಾತಿಗೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಸೆಕೆಂಡಿಗೆ 50. ಫೋನ್ ಸತ್ತರೆ ಅದು ತಕ್ಷಣ ನಿಲ್ಲುತ್ತದೆ. ಆದರೆ ನೀವು ಹೇಳದ ಹೊರತು ಆಸ್ಟರಿಸ್ಕ್ ಅದರಿಂದ ಏನೂ ತೀರ್ಮಾನ ಮಾಡಲ್ಲ. ಪಿಜೆಸಿಪ್ ಎಂಡ್‌ಪಾಯಿಂಟ್‌ನಲ್ಲಿ (ಆಸ್ಟರಿಸ್ಕ್‌ನಲ್ಲಿ ಒಂದೊಂದು ಫೋನಿನ ಸೆಟ್ಟಿಂಗ್) ಆರ್‌ಟಿಪಿ (ಧ್ವನಿ ಪ್ಯಾಕೆಟ್) ಟೈಮ್‌ಔಟ್ ಹಾಕಿ, ಅಷ್ಟು ಸೆಕೆಂಡು ಧ್ವನಿ ಬರದಿದ್ದರೆ ಅದೇ ಕರೆ ಕಡಿಯುತ್ತದೆ. ಹೋಲ್ಡ್‌ಗೆ ಬೇರೆ ಟೈಮ್‌ಔಟ್ ಇದೆ, ಅದನ್ನು ಉದ್ದ ಇಡಿ. ಮಿಲ್ಲಿನಲ್ಲಿ ಒಬ್ಬರನ್ನು ಹೋಲ್ಡ್ ಹಾಕಿ ಗೋಡೌನ್‌ಗೆ ನಡೆದು ಹೋಗಿ ಚೀಲ ಎಣಿಸಿ ಬರುತ್ತಾರೆ! ಫೋನಿನಲ್ಲಿ ಸೈಲೆನ್ಸ್ ಸಪ್ರೆಶನ್ (ಮಾತಿಲ್ಲದಾಗ ಪ್ಯಾಕೆಟ್ ನಿಲ್ಲಿಸೋದು) ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಸುಮ್ಮನೆ ಕೇಳುತ್ತಿರುವವರ ಕರೆಯೂ ಕಡಿಯಬಹುದು.

ನಿಮ್ಮದು 'ತಾನೇ ಹೋಯಿತು' ಅಂದಿರಲ್ಲ, ಅದು ಬಹುಶಃ ಸೆಷನ್ ಟೈಮರ್. ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 4028. ಸಾಮಾನ್ಯ ಅವಧಿ 1800 ಸೆಕೆಂಡು. ಅರ್ಧ ಸಮಯಕ್ಕೆ ಒಂದು ಕಡೆಯವರು 'ಇನ್ನೂ ಇದ್ದೀರಾ' ಅಂತ ಕೇಳಬೇಕು, ಉತ್ತರ ಬರದಿದ್ದರೆ ಕರೆ ಮುಗಿಸಬೇಕು. ಅಂದರೆ ಅರ್ಧ ಗಂಟೆವರೆಗೆ ಭೂತ ಉಳಿಯಬಹುದು.

ಗಂಗಾವತಿ ಕೋಡರ್
ಸೆಷನ್ ಟೈಮರನ್ನೇ 30 ಸೆಕೆಂಡಿಗೆ ಇಳಿಸಿದರೆ?

ತೋರಣಗಲ್ಲು ನೈಟ್ ಶಿಫ್ಟ್
90 ಸೆಕೆಂಡಿಗಿಂತ ಕೆಳಗೆ ಇಳಿಸಲು ನಿಯಮ ಒಪ್ಪಲ್ಲ. ಇಳಿಸಿದರೂ ಪ್ರತಿ ಕರೆಗೂ ಸುಮ್ನೆ ಸಂದೇಶ ಜಾಸ್ತಿ. ಆರ್‌ಟಿಪಿ ಟೈಮ್‌ಔಟ್ ಸಾಕು.

ಸಿಂಧನೂರು ಜಾವಾ
ಇನ್ನೊಂದು ಮರೆಯಬೇಡಿ. ಫೋನ್ ಸತ್ತರೂ ಅದರ ರಿಜಿಸ್ಟ್ರೇಶನ್ ('ನಾನು ಇಲ್ಲಿದ್ದೇನೆ' ಅಂತ ಬರೆಸಿದ್ದು) ಸರ್ವರ್‌ನಲ್ಲಿ ಉಳಿದಿರುತ್ತದೆ. 3600 ಸೆಕೆಂಡು ಅಂತ ಇದ್ದರೆ ಒಂದು ಗಂಟೆ. ಆ ಹೊತ್ತಲ್ಲಿ ಹೊಸ ಕರೆ ಬಂದರೆ ಸರ್ವರ್ ಸತ್ತ ಫೋನಿಗೇ ಇನ್ವೈಟ್ (ಕರೆ ಬಂದಿದೆ ಅನ್ನೋ ಸಂದೇಶ) ಕಳಿಸುತ್ತದೆ. ಸಿಪ್ (ಐಪಿ ಫೋನ್ ಕರೆ ಜೋಡಿಸುವ ಪದ್ಧತಿ) ಲೆಕ್ಕದಲ್ಲಿ ಟಿ1 ಅನ್ನೋ ಮೂಲ ಅವಧಿ ಅರ್ಧ ಸೆಕೆಂಡು, ಅದರ 64 ಪಟ್ಟು ಕಾಯಬೇಕು, ಅಂದರೆ 32 ಸೆಕೆಂಡು. ಕರೆ ಮಾಡಿದ ರೈತ ಅಷ್ಟೊತ್ತು ಮೌನ ಕೇಳಿ ಇಟ್ಟುಬಿಡುತ್ತಾನೆ. ಎಒಆರ್‌ನಲ್ಲಿ (ಫೋನಿನ ವಿಳಾಸದ ಸೆಟ್ಟಿಂಗ್) ಕ್ವಾಲಿಫೈ ಫ್ರೀಕ್ವೆನ್ಸಿ ಡೀಫಾಲ್ಟ್ ಸೊನ್ನೆ, ಅಂದರೆ ಬಂದ್. ಅದನ್ನು 30 ಸೆಕೆಂಡು ಮಾಡಿ. ಸರ್ವರ್ ಆಪ್ಷನ್ಸ್ ಅನ್ನೋ ಸಂದೇಶ ಕಳಿಸಿ ಫೋನ್ ಬದುಕಿದೆಯಾ ನೋಡುತ್ತಿರುತ್ತದೆ. ಸತ್ತರೆ ಕಾಂಟ್ಯಾಕ್ಟ್ ಸ್ಟೇಟಸ್ ಈವೆಂಟ್‌ನಲ್ಲಿ 'ಅನ್‌ರೀಚಬಲ್' ಅಂತ ಆಪ್‌ಗೂ ಬರುತ್ತದೆ. ಆ ಫೋನಿನ ಮುಂದೆ ಪರದೆಯಲ್ಲಿ ಒಂದು ಗುರುತು ಹಾಕಿದರೆ ಆಯಿತು.

ಕೊಪ್ಪಳ ಕ್ರಿಂಪರ್
ಒಂದು ಮಾತು ಕೇಳ್ತೀನಿ. ಕಂಪ್ಯೂಟರ್ ಕೇಬಲ್ ಗೋಡೆಗೆ ಹೋಗಿದೆಯಾ, ಫೋನಿನ ಹಿಂದಕ್ಕೆ ಹೋಗಿದೆಯಾ?

ಗಂಗಾವತಿ ಕೋಡರ್
ಫೋನಿನ ಹಿಂದಕ್ಕೆ. ಒಂದೇ ಪಾಯಿಂಟ್ ಇತ್ತು, ಅದಕ್ಕೆ ಫೋನಿನ ಪಿಸಿ ಪೋರ್ಟಿನಿಂದ ಕೊಟ್ಟಿದ್ದೇವೆ.

ಕೊಪ್ಪಳ ಕ್ರಿಂಪರ್
ನೋಡಿ, ಯಾರೂ ಕೇಳಲಿಲ್ಲ. ಫೋನ್ ಅಪ್‌ಡೇಟ್ ತಗೊಂಡು ರೀಬೂಟ್ ಆದರೂ ಕಂಪ್ಯೂಟರ್ ನೆಟ್ ಹೋಗುತ್ತದೆ. ಕರೆಂಟ್ ಬೇಕಾಗೇ ಇಲ್ಲ. ಇನ್ನೊಂದು. ಮ್ಯಾನೇಜ್ಡ್ ಸ್ವಿಚ್ ಆಗಿದ್ದು ಹಳೇ ಸ್ಪ್ಯಾನಿಂಗ್ ಟ್ರೀ (ಕೇಬಲ್‌ಗಳಲ್ಲಿ ಲೂಪ್ ಆಗದಂತೆ ತಡೆಯುವುದು) ಆನ್ ಇದ್ದರೆ, ಲಿಂಕ್ ಲೈಟ್ ಹತ್ತಿದ ಮೇಲೂ ಪೋರ್ಟ್ 30 ಸೆಕೆಂಡು ಏನೂ ದಾಟಿಸಲ್ಲ. 15 ಕೇಳೋಕೆ, 15 ಕಲಿಯೋಕೆ. ಆಪ್ 'ಲಿಂಕ್ ಬಂತು' ಅಂತ ಕುಣಿದು ಲಾಗಿನ್ ಹೊಡೆದು ಫೇಲ್ ಆಗುತ್ತದೆ. ಫೋನ್ ಹಾಕಿರುವ ಪೋರ್ಟಿಗೆಲ್ಲ ಎಡ್ಜ್ ಪೋರ್ಟ್ ಸೆಟ್ಟಿಂಗ್ ಹಾಕಿ. ಪೋರ್ಟ್‌ಫಾಸ್ಟ್ ಅಂತಾರಲ್ಲ, ಅದೇ. ಬೇರೆ ಸ್ವಿಚ್ ಸಿಕ್ಕಿಸಿರುವ ಪೋರ್ಟಿಗೆ ಮಾತ್ರ ಹಾಕಬೇಡಿ, ಲೂಪ್ ಆದರೆ ಇಡೀ ಮಿಲ್ಲು ಕೂರುತ್ತದೆ.

ಕಿನ್ನಾಳ ಗೊಂಬೆ
ಕ್ರಿಂಪರ್ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಲಿಂಕ್ ಬಂದ ಸುದ್ದಿಯನ್ನು ಹಿಡಿದ ಕೂಡಲೇ ಓಡಬಾರದು. ಮೂರ್ನಾಲ್ಕು ಸೆಕೆಂಡು ನಿಂತು ನೋಡಿ, ಆಮೇಲೆ ಪ್ರಯತ್ನ. ಫೇಲ್ ಆದರೆ ಮುಂದಿನದು ಇನ್ನೂ ತಡವಾಗಿ.

ತೋರಣಗಲ್ಲು ನೈಟ್ ಶಿಫ್ಟ್
ತಡವಾಗಿ ಅಷ್ಟೇ ಅಲ್ಲ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ನಾನು ನೋಡಿಕೊಳ್ಳುವ ಜಾಗದಲ್ಲಿ ನೂರಾರು ಫೋನ್. ಸ್ವಿಚ್ ಎದ್ದ ಕೂಡಲೇ ಎಲ್ಲವೂ ಒಂದೇ ಉಸಿರಿಗೆ ರಿಜಿಸ್ಟರ್ ಕಳಿಸುತ್ತವೆ. ಸಂಜೆ ಸಿಂಧನೂರು ಬಸ್ಸು ಸ್ಟ್ಯಾಂಡಿಗೆ ಬಂದಾಗ ಕಿಟಕಿಯಿಂದ ಟವೆಲ್ ಹಾಕುತ್ತಾರಲ್ಲ, ಹಾಗೆ. ಸರ್ವರ್ ಉಸಿರುಗಟ್ಟಿ 503 (ಈಗ ಆಗಲ್ಲ) ಅನ್ನುತ್ತದೆ, ಅವು ಮತ್ತೆ ಬರುತ್ತವೆ. ಆರ್‌ಎಫ್‌ಸಿ 5626ರಲ್ಲಿ ಇದಕ್ಕೆ ಲೆಕ್ಕವೇ ಇದೆ: ಎಲ್ಲ ದಾರಿಯೂ ಬಿದ್ದಿದ್ದರೆ 30 ಸೆಕೆಂಡಿನಿಂದ ಶುರು ಮಾಡಿ ಪ್ರತಿ ಸೋಲಿಗೂ ದುಪ್ಪಟ್ಟು, ಗರಿಷ್ಠ 1800. ಬಂದ ಅಂಕಿಯ ಅರ್ಧದಿಂದ ಪೂರ್ತಿವರೆಗೆ ಯಾವುದೋ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಷ್ಟು ಕಾಯಬೇಕು. 503 ಜೊತೆ ರೀಟ್ರೈ ಆಫ್ಟರ್ (ಇಷ್ಟು ಹೊತ್ತು ಬಿಟ್ಟು ಬಾ) ಬಂದಿದ್ದರೆ ಅದಕ್ಕೆ ಮರ್ಯಾದೆ ಕೊಡಿ.

ಬಿಸಿಲೂರು
ಹನ್ನೆರಡು ಫೋನಿಗೆ ಇದೆಲ್ಲ ಅತಿ ಆಯಿತು. ಅರ್ಧ ಗಂಟೆ ಗರಿಷ್ಠ ಅಂದರೆ ಭತ್ತದ ಸುಗ್ಗಿಯಲ್ಲಿ ಮಾಲೀಕರು ಬಡಿಗೆ ಹಿಡಿಯುತ್ತಾರೆ.

ತೋರಣಗಲ್ಲು ನೈಟ್ ಶಿಫ್ಟ್
ಅದು ಫೋನಿನ ರಿಜಿಸ್ಟ್ರೇಶನ್ ಲೆಕ್ಕ. ಎಎಂಐ ಆಪ್‌ಗೆ 2 ಸೆಕೆಂಡಿನಿಂದ ಶುರು ಮಾಡಿ 30ಕ್ಕೆ ನಿಲ್ಲಿಸಿದರೂ ನನ್ನ ತಕರಾರಿಲ್ಲ. ಆದರೆ ಆ ಚೀಟಿ ಎತ್ತೋದನ್ನು ಬಿಡಬೇಡಿ. ಮಿಲ್ಲು ನಾಳೆ ಕಾರಟಗಿಯಲ್ಲಿ ಇನ್ನೊಂದು ಬ್ರಾಂಚ್ ತೆರೆದರೆ ಇದೇ ಕೋಡ್ ಅಲ್ಲಿಗೂ ಹೋಗುತ್ತದೆ, ಅಲ್ವಾ?

ಬಿಸಿಲೂರು
ಅದು ಸರಿ ಬಿಡ್ರಿ.

ಹಳೇ ಪಿಬಿಎಕ್ಸ್
ವಿಷಯದಿಂದ ಸ್ವಲ್ಪ ಆಚೆ. ಮಿಲ್ಲಿನಲ್ಲಿ ಬಾಯ್ಲರ್ ಇರುತ್ತದೆ, ಬೆಲ್ಟ್ ಓಡುತ್ತಿರುತ್ತದೆ. ನೆಟ್‌ವರ್ಕ್ ಹೋದಾಗ 112ಕ್ಕೆ ಕರೆ ಮಾಡಲು ಡೆಸ್ಕ್ ಫೋನ್ ಎತ್ತಿದರೆ ಏನೂ ಇರಲ್ಲ. ಫೋನ್ ಸತ್ತಿದೆ ಅಂತ ಆಪ್‌ಗೆ ಗೊತ್ತಾದರೆ 'ಮೊಬೈಲ್ ಬಳಸಿ' ಅಂತ ದೊಡ್ಡ ಅಕ್ಷರದಲ್ಲಿ ತೋರಿಸು ತಮ್ಮ. ಪಾರ್ಟಿಯ ಬಾಕಿಗಿಂತ ಅದು ಮುಖ್ಯ.

ಮಿರ್ಚಿ ಮಂಡಕ್ಕಿ
ಕರೆಂಟೇ ಹೋದರೆ ಆಪ್ ಎಲ್ಲಿ ತೋರಿಸಬೇಕು ಸರ್?

ಹಳೇ ಪಿಬಿಎಕ್ಸ್
ಕಂಪ್ಯೂಟರ್ ಯುಪಿಎಸ್ ಮೇಲೆ, ಸ್ವಿಚ್ ಮಾತ್ರ ಕರೆಂಟಿನ ಮೇಲೆ. ಹಾಗೇ ಅಲ್ವಾ ತಮ್ಮ?

ಗಂಗಾವತಿ ಕೋಡರ್
ಹೌದು ಸರ್, ಕಂಪ್ಯೂಟರ್‌ಗಳು ಯುಪಿಎಸ್ ಮೇಲಿವೆ, ಅದನ್ನು ಬರೆದಿರಲಿಲ್ಲ. 112 ಸೂಚನೆ ಸೇರಿಸುತ್ತೇನೆ. ಪಿಂಗ್, ಬೂದು ಬಣ್ಣ, ಪಟ್ಟಿ ತಾಳೆ, ಮೂರನ್ನೂ ಬರೆದು ಹಾಕಿದೆ. ಸರ್ವರ್‌ನಲ್ಲಿ ಕ್ವಾಲಿಫೈ 30, ಆರ್‌ಟಿಪಿ ಟೈಮ್‌ಔಟ್ 60, ಹೋಲ್ಡ್‌ಗೆ 600. ಒಂದು ಜಗಳ ಉಳಿದಿದೆ. ಬೂದು ಕರೆಯ ಮುಂದೆ ಅವಧಿ ಖಾಲಿ ಬಿಟ್ಟಿದ್ದೇನೆ. ಮಾಲೀಕರು "ಏನಾದರೂ ಒಂದು ನಂಬರ್ ತೋರಿಸಪ್ಪಾ" ಅನ್ನುತ್ತಾರೆ.

ಕಿನ್ನಾಳ ಗೊಂಬೆ
ಖಾಲಿಯೇ ಇರಲಿ. ಸಿಡಿಆರ್ ಬಂದ ಮೇಲೆ ತಾನೇ ತುಂಬುತ್ತದೆ ಅಂತ ಹೇಳಿ.

ಸಿಂಧನೂರು ಜಾವಾ
ಪರೀಕ್ಷೆ ಮಾಡುವಾಗ ಕಂಪ್ಯೂಟರಿನ ಕೇಬಲ್ ಕಿತ್ತು ನೋಡಿದರೆ ಸಾಲದು, ವಿಂಡೋಸ್‌ಗೆ ಅದು ತಕ್ಷಣ ಗೊತ್ತಾಗುತ್ತದೆ. ಸರ್ವರ್‌ನಲ್ಲಿ ಐಪಿಟೇಬಲ್ಸ್‌ನಿಂದ (ಲಿನಕ್ಸ್ ಫೈರ್‌ವಾಲ್) ಆ ಕಂಪ್ಯೂಟರಿನ ಪ್ಯಾಕೆಟ್ ಡ್ರಾಪ್ ಮಾಡಿ. ರಿಜೆಕ್ಟ್ (ಬೇಡ ಅಂತ ಉತ್ತರ ಕೊಡೋದು) ಅಲ್ಲ, ಡ್ರಾಪ್ (ಉತ್ತರವಿಲ್ಲದೆ ಬಿಸಾಡೋದು). 20 ನಿಮಿಷ ಬಿಟ್ಟು ತೆಗೆಯಿರಿ. ಆಗ ಆಪ್ ಎದ್ದು ನಿಂತರೆ ನಿಜವಾಗಿ ನಿಂತ ಹಾಗೆ.

ಗಂಗಾವತಿ ಕೋಡರ್
ಭಾನುವಾರ ಮಿಲ್ಲು ರಜೆ. ಅವತ್ತು ಮಾಡಿ ಲಾಗ್ ಹಾಕುತ್ತೇನೆ.

ಕೊಪ್ಪಳ ಕ್ರಿಂಪರ್
ಹಾಕುವಾಗ ಸ್ವಿಚ್ ಮಾಡೆಲ್ ನಂಬರ್ ಕೂಡ ಬರೀರಿ. ಸ್ಪ್ಯಾನಿಂಗ್ ಟ್ರೀ ಸೆಟ್ಟಿಂಗ್ ಎಲ್ಲಿದೆ ಅಂತ ನೋಡಿ ಹೇಳ್ತೀನಿ.